ಕುಂತಿರಬಾರದ ಬಳ್ಳೊಳ್ಳಿ

ಘಟಪ್ರಭೆಯ ದಂಡೆಯ ಅನಗವಾಡಿಯ ಅಡುಗೆಮನೆಗಳಲ್ಲಿ ಬಳ್ಳೊಳ್ಳಿಗೆ ಮುಚ್ಚುಮರೆ ಇಲ್ಲ. ಕೆಂಪುಖಾರ, ಶೇಂಗಾ ಹಿಂಡಿ, ರಂಜಕ, ಎಲ್ಲದರಲ್ಲೂ ಅದು ಮನೆಯ ಯಜಮಾನನ ಹಾಗೆ ಎದುರಿಗೇ ಕೂತಿರುತ್ತದೆ. ಇಂಥ ಊರಲ್ಲಿ ಘಮದ ಕಾಕಾ ಒಬ್ಬರಾದರೂ ಇದ್ದೇ ಇರುತ್ತಾರೆ. ನೌಕರಿಯಿಂದ ನಿವೃತ್ತರು, ಪುಣೆಯಲ್ಲೋ ಬೆಂಗಳೂರಲ್ಲೋ ಸಣ್ಣ ಮಗನ ಮನೆಯಲ್ಲಿ ಆರು ತಿಂಗಳಿದ್ದು, ಹಸಿ ಕಾಯಿಪಲ್ಯಕ್ಕೆ ಸಲಾಡ್ ಎಂಬ ಹೆಸರಿದೆಯೆಂದು ತಿಳಿದು ಬಂದವರು. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳಿದ್ದೇ ತಡ, ಪಡಸಾಲೆಯಿಂದ ಅಪ್ಪಣೆ ಹೊರಡುತ್ತದೆ: “ಏನವಾ, ಪಚಡ್ಯಾಗ ಬಳ್ಳೊಳ್ಳಿ ಬಂದ್ ಹೋಗಿರಬೇಕು, ಕುಂತಿರಬಾರದು!” ಸೊಸೆಯ ಉತ್ತರವೂ ಸಿದ್ಧ: “ಹಂಗಾರ ಅದಕ್ಕ ಬಾಗಲಾ ನೀವ ತೋರಸ್ರಿ, ಮಾವಾರ.”

ನಗುವವರು ನಗಲಿ, ಮಾತು ಮಾತ್ರ ಕಾಕಾನದೇ ಸರಿ. ಸುಲಿದಿಟ್ಟ ಇಡೀ ಎಸಳನ್ನು ಮೂಗಿಗೆ ಹಿಡಿದು ನೋಡಿ, ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಅದರೊಳಗೆ ಅಲ್ಲೀನ್ ಒಂದು ಕಡೆ, ಅಲ್ಲಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ, ಜಗಳಾಡಿದ ಅಣ್ಣತಮ್ಮಂದಿರಂತೆ ನಡುವೆ ಗೋಡೆ ಹಾಕಿಕೊಂಡಿರುತ್ತವೆ. ಒಳ್ಳಿನಲ್ಲಿ ಒಂದು ಪೆಟ್ಟು ಬಿದ್ದು ಗೋಡೆ ಒಡೆದರೆ ಎರಡೂ ಕೂಡಿ ಅಲ್ಲಿಸಿನ್ ಹುಟ್ಟುತ್ತದೆ. 1944ರಲ್ಲಿ ಕ್ಯಾವಲಿಟೊ ಮತ್ತು ಬೈಲಿ ಬೇರ್ಪಡಿಸಿ ತೋರಿಸಿದ ಘಾಟು ಇದೇ. ಆದ್ದರಿಂದ “ಘಾಟು ಬ್ಯಾಡಂದ್ರ ಕಮ್ಮಿ ಹಾಕ್ರಿ” ಎಂಬ ಸುಲಭದ ಆಕ್ಷೇಪ ನಿಲ್ಲುವುದಿಲ್ಲ. ಅರ್ಧ ಎಸಳು ಜಜ್ಜಿ ಹಾಕಿದರೆ ಸೌತೆಕಾಯಿಯ ತಂಪು ಸತ್ತೇಹೋಗುತ್ತದೆ. ಇಡೀ ಎರಡು ಎಸಳನ್ನು ಬಿಸಿ ಶೇಂಗಾ ಎಣ್ಣೆಯಲ್ಲಿ ಕೆಂಪಗೆ ಮಾಡಿ ತೆಗೆದು, ಆ ಎಣ್ಣೆಯನ್ನಷ್ಟೇ ಪಚಡಿಗೆ ಸುರಿದರೆ ಸವಿ ಉಳಿಯುತ್ತದೆ, ಯಾಕೆಂದರೆ ಕಾವಿಗೆ ಕಿಣ್ವ ಕೆಲಸ ಬಿಟ್ಟಿರುತ್ತದೆ. ಲಿಂಬಿರಸದಲ್ಲೇ ಹಾಕಿ ಜಜ್ಜಿದರೂ ಹುಳಿಗೆ ಅದು ಮೆತ್ತಗಾಗುತ್ತದೆ. ಜಜ್ಜಿಟ್ಟ ಮೇಲೆ ಲಿಂಬಿ ಹಿಂಡಿದರೆ ಊರು ಮುಳುಗಿದ ಮೇಲೆ ಒಡ್ಡು ಕಟ್ಟಿದ ಹಾಗೆ. ಎಲ್ಲಕ್ಕಿಂತ ನಾಜೂಕಿನದು ಬೋಗುಣಿಯ ಒಳಮೈಗೆ ಕೊಯ್ದ ಎಸಳು ತಿಕ್ಕಿ, ಎಸಳನ್ನು ಬೇರೆ ಅಡುಗೆಗೆ ಕಳಿಸಿ, ಅದೇ ಬೋಗುಣಿಯಲ್ಲಿ ಮೆಂತ್ಯೆ, ಉಳ್ಳಾಗಡ್ಡಿ, ಸೌತೆಕಾಯಿ ಕಲೆಸುವುದು.

ಹಿಂಡಿಯನ್ನು ಹಿಡಿಗಟ್ಟಲೆ ತಿನ್ನುವ ನಾಲಿಗೆಗೆ ಈ ನಾಜೂಕು ಯಾಕೆ ಎಂದು ಕೇಳುವವರಿದ್ದಾರೆ. ಹಿಂಡಿಯಲ್ಲಿ ಬಳ್ಳೊಳ್ಳಿಗೆ ಎದುರಾಳಿಗಳಿದ್ದಾರೆ: ಒಣಮೆಣಸಿನಕಾಯಿ, ಉಪ್ಪು, ಶೇಂಗಾದ ಜಿಡ್ಡು. ಪಚಡಿಯಲ್ಲಿ ನೀರೇ ಹೆಚ್ಚಿರುವ ಸೌತೆಕಾಯಿ ಯಾರ ಜೊತೆ ಕುಸ್ತಿ ಹಿಡಿಯಬೇಕು? ಅಖಾಡ ಬೇರೆಯಾದರೆ ಪಟ್ಟೂ ಬೇರೆ.

ಆದರೆ ಕಾಕಾ ಸೋಲುವ ಜಾಗ ಒಂದಿದೆ. ಮೊಬೈಲ್ ನೋಡಿ ಹಸಿ ಬಳ್ಳೊಳ್ಳಿಯನ್ನು ಎಣ್ಣೆಯ ಬಾಟಲಿಯಲ್ಲಿ ಮುಳುಗಿಸಿ, ಘಮ ಇಳಿಯಲಿ ಎಂದು ವಾರಗಟ್ಟಲೆ ಕಿಟಕಿಯಲ್ಲಿ ಇಡುತ್ತಾರಲ್ಲ, ಅಲ್ಲಿ. ಎಣ್ಣೆಯಡಿ ಗಾಳಿ ಆಡುವುದಿಲ್ಲ, ಹುಳಿಯೂ ಇಲ್ಲ. ಬಾಟುಲಿಸಂ ತರುವ ಸೂಕ್ಷ್ಮಾಣುವಿಗೆ ಅದು ಹಬ್ಬ. 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಎಣ್ಣೆಯಲ್ಲಿಟ್ಟ ಬಳ್ಳೊಳ್ಳಿಯಿಂದಲೇ 36 ಮಂದಿ ಈ ವಿಷಕ್ಕೆ ತುತ್ತಾದರು. ಆ ಬಾಟಲಿಯನ್ನು ಸೊಸೆ ಸದ್ದಿಲ್ಲದೆ ತಿಪ್ಪೆಗೆ ಸೇರಿಸಿದರೆ ಅದು ಸಿಟ್ಟಲ್ಲ, ವಿಜ್ಞಾನ. ಇನ್ನೊಂದು ತಕರಾರು ವಿಜ್ಞಾನದ್ದಲ್ಲ, ಮನೆಯದು. ಬಂದು ಹೋಗಬೇಕು ಅನ್ನುವ ಬಾಯಿ ಕಾಕಾನದು, ಎಸಳು ಸುಲಿದು ಕೊಯ್ದು ಬೋಗುಣಿಗೆ ತಿಕ್ಕಿದ ಬೆರಳು ಸೊಸೆಯದು. ಪಚಡಿಯಲ್ಲಿ ನಿಲ್ಲದೆ ಹೋದ ಬಳ್ಳೊಳ್ಳಿ ಆ ಬೆರಳಲ್ಲಿ ಸಂಜೆತನಕ ಠಿಕಾಣಿ ಹೂಡಿರುತ್ತದೆ. ನಾಲ್ಕು ಗಂಟೆಗೆ ಅದೇ ಬೆರಳು ಕಪ್ಪು ಹಿಡಿದು ಬಂದಾಗ ಕಾಕಾ ಮೂಗು ಏರಿಸುತ್ತಾರೆ: “ಯಾಕವಾ, ಚಾದಾಗ ಬಳ್ಳೊಳ್ಳಿ ಕುಂತೈತಲ್ಲ?”