ಅಥೆನ್ಸಿನ ಗೊಬ್ಬರ ಹೊರುವವರಿಗೊಂದು ಬಹಿರಂಗ ಪತ್ರ

ಮಾನ್ಯ ಕೊಪ್ರೊಲೊಗೊಸರೇ,

ಕ್ರಿಸ್ತಪೂರ್ವ 421ರಲ್ಲಿ ಅರಿಸ್ಟೋಫೇನಿಸ್ ತನ್ನ ‘ಶಾಂತಿ’ ನಾಟಕದಲ್ಲಿ ನಿಮ್ಮನ್ನು ಬಹಿರಂಗವಾಗಿಯೇ ಕರೆಸಿದ. ದೈತ್ಯ ಸಗಣಿಹುಳುವೊಂದಕ್ಕೆ ಉಂಡೆ ಕಟ್ಟಿ ಕಟ್ಟಿ ಸುಸ್ತಾದ ಆಳೊಬ್ಬ, ವಾಸನೆ ತಾಳಲಾರದೆ, ದೇವರಾಣೆ ಬಂದು ಕೈಹಾಕಿ ಎಂದು ನಿಮ್ಮನ್ನು ಕೂಗುತ್ತಾನೆ. ನೋಡುವವರನ್ನು ನಗಿಸಲೆಂದೇ ಬರೆದ ಮಾತದು. ನಾನು ಬರೆಯುತ್ತಿರುವುದು ನಿಮಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಲು.

ನಿಮ್ಮ ಹೆಸರಿನಿಂದಲೇ ಶುರುಮಾಡುತ್ತೇನೆ. ‘ಕೊಪ್ರೊಸ್’ ಎಂದರೆ ಸಗಣಿ, ಲದ್ದಿ, ಮಲ. ಅದನ್ನು ಕೂಡಿಸುವವರು ನೀವು. ಈ ಪದ ಅಥೆನ್ಸಿಗಿಂತ ಎಷ್ಟೋ ಹಳೆಯದು. ಸಂಸ್ಕೃತದ ‘ಶಕೃತ್’ ಇದರ ಒಡಹುಟ್ಟು. ನಾವು ಇಂದಿಗೂ ಬಳಸುವ ‘ಯಕೃತ್ತು’ ಗ್ರೀಕರ ‘ಹೇಪಾರ್’ಗೆ ಹೇಗೆ ನಂಟೋ ಇದೂ ಹಾಗೆಯೇ. ವಿಭಕ್ತಿ ಹತ್ತಿದಾಗ ಯಕೃತ್ ‘ಯಕ್ನಃ’ ಆಗುತ್ತದೆ, ಶಕೃತ್ ‘ಶಕ್ನಃ’ ಆಗುತ್ತದೆ. ಇಂಥ ವಿಚಿತ್ರ ರೂಪಭೇದ ತೀರಾ ಪುರಾತನ ಪದಗಳಲ್ಲಿ ಮಾತ್ರ ಉಳಿದುಬಂದಿದೆ. ದನ ಕಟ್ಟಿಕೊಂಡು ಬದುಕಿದ ಜನ ಯಕೃತ್ತಿನಷ್ಟೇ ಜೋಪಾನವಾಗಿ ಕಾಪಾಡಿಕೊಂಡು ಬಂದ ಮಾತಿದು.

ಒಡಿಸ್ಸಿಯ 17ನೆಯ ಸರ್ಗದಲ್ಲಿ ಮುದಿನಾಯಿ ಆರ್ಗಾಸ್ ಬಾಗಿಲ ಮುಂದಿನ ತಿಪ್ಪೆಯ ಮೇಲೆ ಬಿದ್ದಿರುತ್ತದೆ. ಓದಿದವರೆಲ್ಲ ನಾಯಿಗಾಗಿ ಮರುಗುತ್ತಾರೆ, ತಿಪ್ಪೆಯನ್ನು ಯಾರೂ ನೋಡುವುದಿಲ್ಲ. ಹೋಮರ್ ನೋಡಿದ್ದಾನೆ. ಅದು ಹೇಸರಗತ್ತೆ, ಎತ್ತುಗಳ ಕೊಪ್ರೊಸ್. ಆಳುಗಳು ಬಂದು ರಾಜನ ವಿಶಾಲ ಹೊಲಕ್ಕೆ ಸಾಗಿಸುವ ತನಕ ಅಲ್ಲಿ ಕೂಡಿಟ್ಟದ್ದು ಎಂದು ಬಿಡಿಸಿ ಹೇಳುತ್ತಾನೆ. ಇಲಿಯಡ್‌ನಲ್ಲಿ ಯೂರಿಸ್ಥಿಯಸ್ ರಾಜನ ದೂತನ ಹೆಸರೇ ಕೊಪ್ರಿಯಸ್. ಅಟಿಕಾದಲ್ಲಿ ಕೊಪ್ರೊಸ್ ಎಂಬ ಊರೇ ಇತ್ತು.

ಥಿಯೋಫ್ರಾಸ್ಟಸ್ ಗೊಬ್ಬರಗಳ ತರತಮ ದಾಖಲಿಸುವಾಗ ಮನುಷ್ಯರದಕ್ಕೆ ಮೊದಲ ಸ್ಥಾನ ಕೊಟ್ಟು, ಹಂದಿ, ಮೇಕೆ, ಕುರಿ, ಎತ್ತುಗಳದನ್ನು ಆಮೇಲೆ ಇಡುತ್ತಾನೆ. ಅಮೋರ್ಗೋಸ್ ದ್ವೀಪದಲ್ಲಿ ಜ್ಯೂಸ್ ದೇವರ ಜಮೀನನ್ನು ಗೇಣಿಗೆ ಹಿಡಿದವನು ವರ್ಷಕ್ಕೆ 150 ಬುಟ್ಟಿ ಗೊಬ್ಬರ ಹಾಕಲೇಬೇಕೆಂದು ಕಲ್ಲಿನಲ್ಲಿ ಕೆತ್ತಿದ್ದರು. ಬುಟ್ಟಿಯ ಅಳತೆಯನ್ನೂ ಬರೆಸಿದ್ದರು! ದೇವರ ಹೊಲಕ್ಕೆ ಮೈಲಿಗೆಯಾಗದ ವಸ್ತು ಅದನ್ನು ಹೊತ್ತವನಿಗೆ ಹೇಗೆ ಅಂಟಿಕೊಂಡಿತು? ಈ ಅನ್ಯಾಯ ನಿಮ್ಮ ಊರಿಗಷ್ಟೇ ಸೀಮಿತವಲ್ಲ. ನಮ್ಮಲ್ಲಿ ಇದು ಹುಟ್ಟಿನಿಂದಲೇ ತಲೆಗೆ ಕಟ್ಟಿದ ಶಾಪವಾಗಿತ್ತು, ಇನ್ನೂ ಪೂರ್ತಿ ಅಳಿದಿಲ್ಲ.

ಇನ್ನೊಂದು ಪದವಿದೆ, ‘ಸ್ಕುಬಲೋನ್’. ಮಲಕ್ಕೂ ಸಲ್ಲುತ್ತದೆ, ಉಂಡುಬಿಟ್ಟ ಎಂಜಲಿಗೂ ಸಲ್ಲುತ್ತದೆ. ಮೂಲ ತಿಳಿಯದು. ನಾಯಿಗಳಿಗೆ ಎಸೆದದ್ದು ಎಂದು ‘ಸೂದಾ’ ಕೋಶದವರು ಅರ್ಥ ಬಿಡಿಸಿದರು, ಅದು ಕಿವಿಗೆ ಹಿತವಾದ ಊಹೆ ಅಷ್ಟೆ. ಸಂತ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದ 3ನೆಯ ಅಧ್ಯಾಯದಲ್ಲಿ, ತಾನು ಬಿಟ್ಟುಬಂದ ಕುಲ, ಪ್ರತಿಷ್ಠೆಗಳನ್ನೆಲ್ಲ ಈ ಮಾತಿನಿಂದ ಕರೆದ. ಮತ್ತೆ ತಿರುಗಿ ನೋಡಬಾರದ್ದಕ್ಕೆ ತಕ್ಕ ಮಾತೇ ಅದು. ಅದೇ ಹೊಸ ಒಡಂಬಡಿಕೆಯಲ್ಲಿ, ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ, ಹಣ್ಣು ಬಿಡದ ಅಂಜೂರದ ಮರವನ್ನು ಕಡಿದುಹಾಕು ಎನ್ನುವ ಯಜಮಾನನ ಮುಂದೆ ತೋಟಗಾರ, ಒಂದು ವರ್ಷ ತಾಳಿ, ಬುಡ ಅಗೆದು ‘ಕೊಪ್ರಿಯ’ ಹಾಕುತ್ತೇನೆ ಎಂದು ಬೇಡಿಕೊಳ್ಳುತ್ತಾನೆ.

ಊರಗೋಡೆಯಿಂದ ಹತ್ತು ಸ್ಟೇಡಿಯಂ ದೂರದೊಳಗೆ, ಎಂದರೆ ಎರಡು ಕಿಲೋಮೀಟರ್‌ಗೆ ತುಸು ಕಡಿಮೆ, ನೀವು ಹೊರೆ ಇಳಿಸದಂತೆ ನಗರಾಧಿಕಾರಿಗಳು ಕಾವಲಿದ್ದರೆಂದು ಅರಿಸ್ಟಾಟಲನ ಹೆಸರಿನ ‘ಅಥೆನ್ಸಿನ ಸಂವಿಧಾನ’ ಹೇಳುತ್ತದೆ. ಆ ಒಂದು ವಾಕ್ಯ ಓದಿದವರು ನಿಮ್ಮನ್ನು ಕಸ ಸಾಗಿಸುವವರೆಂದು ಬರೆದುಬಿಡುತ್ತಾರೆ. ದಯವಿಟ್ಟು ಆ ಹೆಸರನ್ನು ಒಪ್ಪಿಕೊಳ್ಳಬೇಡಿ. ನಿಮ್ಮ ಬುಟ್ಟಿಯಲ್ಲಿದ್ದದ್ದು ಪೌಲನ ಸ್ಕುಬಲೋನ್ ಅಲ್ಲ, ಆ ತೋಟಗಾರ ಒಂದು ವರ್ಷದ ಗಡುವು ಕೇಳಿದ್ದು ಯಾವುದನ್ನು ನಂಬಿಯೋ ಅದು.

ಇಂತಿ,
ನಿಮ್ಮ ಋಣ ಬಲ್ಲ ಓದುಗ