ಬಂದೂಕಿನ ಸಾಲಾವಳಿ ನೋಡುವವನು

ಹಳೆಯ ಸೇನಾ ರೈಫಲ್‌ಗಳ ಪರೀಕ್ಷಕನೆಂಬ ಜೀವಿ ಹೆಚ್ಚಾಗಿ ಕಾಣಸಿಗುವುದು ಅಮೆರಿಕದ ಬಂದೂಕು ಸಂತೆಗಳಲ್ಲಿ. ಭಾರತದಲ್ಲಿ .303 ಬೋರು ಸಾಮಾನ್ಯರ ಲೈಸೆನ್ಸಿಗೆ ದಕ್ಕದ ಕಾರಣ ಈ ಸಂತತಿ ಇಲ್ಲಿ ಬೆಳೆಯಲಿಲ್ಲ. ಆದರೂ ದನದ ಜಾತ್ರೆಯಲ್ಲಿ ಹೋರಿಯ ಹಲ್ಲು ಎಣಿಸಿ, ಸುಳಿ ನೋಡಿ, ಬಾಲ ತಿರುಚಿ ಮುಖ ಸಿಂಡರಿಸುವವರನ್ನು ಬಲ್ಲವರಿಗೆ ಈತ ಅಪರಿಚಿತನಲ್ಲ. ವಯಸ್ಸು ಅರವತ್ತರ ಆಚೀಚೆ. ಕೊರಳಲ್ಲಿ ಭೂತಗನ್ನಡಿ, ಒಂದು ಜೇಬಿನಲ್ಲಿ ಪುಟ್ಟ ಟಾರ್ಚು, ಇನ್ನೊಂದರಲ್ಲಿ ಅಂಚು ಸವೆದ ನೋಟುಪುಸ್ತಕ. ಜೀವಮಾನದಲ್ಲಿ ಹಾರಿಸಿದ ಗುಂಡಿಗಿಂತ ಓದಿದ ಮುದ್ರೆಗಳೇ ಹೆಚ್ಚು.

ಪರೀಕ್ಷೆಯ ಮೊದಲ ನಿಯಮ, ಮಾರುವವನ ಮಾತಿಗೆ ಕಿವಿಗೊಡದಿರುವುದು. "ನಮ್ಮಜ್ಜ ಸೋಮ್ ಕದನದಲ್ಲಿ ಹಿಡಿದ ಬಂದೂಕು ಇದು" ಎಂದು ಕಥೆ ಶುರುವಾಗುವಷ್ಟರಲ್ಲಿ ಟಾರ್ಚಿನ ಬೆಳಕು ಬ್ರಿಟಿಷ್ ಸೇನೆಯ .303 ರೈಫಲ್ ಲೀ-ಎನ್‌ಫೀಲ್ಡ್‌ನ ಹಿಡಿಯ ಬುಡದ ಲೋಹದ ಪಟ್ಟಿಯ ಮೇಲೆ ಬಿದ್ದಿರುತ್ತದೆ. ಕಿರೀಟ, ದೊರೆಯ ಹೆಸರಿನ ಅಕ್ಷರ, ಕಾರ್ಖಾನೆ, ವರ್ಷ, ಎಲ್ಲವೂ ಅಲ್ಲಿ ಸಾಲಾಗಿವೆ. ಕದನ ನಡೆದದ್ದು 1916ರಲ್ಲಿ; ಪಟ್ಟಿಯ ಮೇಲಿರುವುದು 1918. ಅಜ್ಜನ ಶೌರ್ಯದ ಬಗ್ಗೆ ಪರೀಕ್ಷಕನಿಗೆ ಸಂಶಯವಿಲ್ಲ. ಬಂದೂಕಿನ ಹಾಜರಿಯ ಬಗ್ಗೆ ಮಾತ್ರ.

ಎರಡನೆಯದು ಸಾಲಾವಳಿ. ಮೈ, ನಳಿಗೆ, ಬೋಲ್ಟು, ಹಿಂದಿನ ಗುರಿಪಟ್ಟಿ, ಮೂತಿಯ ಲೋಹದ ಟೋಪಿ, ಇಷ್ಟರ ಮೇಲೂ ಒಂದೇ ಸೀರಿಯಲ್ ನಂಬರ್ ಇರಬೇಕು. ಬೋಲ್ಟಿನ ನಂಬರ್ ಬೇರೆಯಾದರೆ, ಮುಹೂರ್ತದ ದಿನ ಗೋತ್ರ ಒಂದೇ ಎಂದು ತಿಳಿದ ಪುರೋಹಿತರಂತೆ ಆತ ಕಣ್ಣುಮುಚ್ಚುತ್ತಾನೆ. ಇದರಲ್ಲಿ ಬರೀ ಮಡಿವಂತಿಕೆ ಇಲ್ಲ. ಬೋಲ್ಟನ್ನು ಆಯಾ ಬಂದೂಕಿಗೇ ಹೊಂದಿಸಿ ಕೂರಿಸುತ್ತಿದ್ದರು; ಇನ್ನೊಂದರದ್ದನ್ನು ತಂದು ಹಾಕಿದರೆ ತೋಟಾ ಸಡಿಲವಾಗಿ ಕೂತು ಹಾರಿಸುವವನಿಗೇ ಅಪಾಯವಾದೀತು. ಎಲ್ಲ ನಂಬರೂ ಕೂಡಿಬಂದರೆ ಅನುಮಾನ ಇನ್ನೂ ಹೆಚ್ಚು: ಹಳೆಯದನ್ನು ಉಜ್ಜಿ ಹೊಸದನ್ನು ಹೊಡೆದಿದ್ದಾರೆಯೇ ಎಂದು ಭೂತಗನ್ನಡಿ ಹೊರಬರುತ್ತದೆ.

ಮೂರನೆಯದು ಮರ. ಮಾರುವವನು ಮರಳುಕಾಗದದಲ್ಲಿ ತಿಕ್ಕಿ, ವಾರ್ನಿಷ್ ಬಳಿದು, ಥಳಥಳ ಹೊಳೆಯಿಸಿ ತಂದಿರುತ್ತಾನೆ. ತನಿಖಾಧಿಕಾರಿಗಳ ಪುಟ್ಟ ಮುದ್ರೆಗಳು ಆ ತಿಕ್ಕಾಟದಲ್ಲೇ ಅಳಿಸಿಹೋಗಿವೆ. ಶಾಸನದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿರುವುದನ್ನು ಕಂಡ ಶಾಸನತಜ್ಞನ ಸಂಕಟ ಎಂಥದ್ದೋ ಆತನದೂ ಅಂಥದ್ದೇ. ಯುದ್ಧಾನಂತರ ಅಗ್ಗಕ್ಕೆ ಸಿಕ್ಕ ಸೇನಾ ರೈಫಲ್‌ಗಳ ಮುಂಭಾಗದ ಮರವನ್ನು ಬೇಟೆಗೆ ಹಗುರಾಗಲೆಂದು ಕತ್ತರಿಸಿದವರ ಹೆಸರೆತ್ತಿದರಂತೂ ಆತ ಅಂದು ಊಟ ಬಿಡುತ್ತಾನೆ.

ಪರೀಕ್ಷಕ ಮನಸಾರೆ ನಗುವುದು ಖೈಬರ್ ಕಣಿವೆಯ ಕಡೆಯ ನಕಲು ಸಿಕ್ಕಾಗ. ದರ್ರಾ ಆದಂ ಖೇಲ್‌ನ ಕಮ್ಮಾರರು ಕೈಯಲ್ಲೇ ರೈಫಲ್ ಮಾಡುವ ನಿಪುಣರು. ಇಂಗ್ಲಿಷ್ ಅಕ್ಷರ ಮಾತ್ರ ಅವರಿಗೆ ಬರೀ ಚಿತ್ತಾರ. ಎನ್ ಅಕ್ಷರ ತಿರುವುಮುರುವಾಗಿರುತ್ತದೆ, ಎನ್‌ಫೀಲ್ಡ್‌ನ ಕಾಗುಣಿತ ಕೆಟ್ಟಿರುತ್ತದೆ. 1901ರಲ್ಲೇ ತೀರಿಕೊಂಡ ವಿಕ್ಟೋರಿಯಾ ರಾಣಿಯ ಮುದ್ರೆ, ಆಕೆಯ ನಂತರ ಹುಟ್ಟಿದ ಮಾದರಿಯ ಮೇಲೂ ಮೆರೆಯುತ್ತದೆ.

ಬಂಗಾಳದ ಇಶಾಪುರ ಕಾರ್ಖಾನೆಯ ರೈಫಲ್ ಎದುರಾದರೆ ಉಪನ್ಯಾಸ ಅರ್ಧ ಗಂಟೆ. ಸಂತೆಯವರು ಇಶಾಪುರದ 2ಎ1 ರೈಫಲನ್ನು ಹಳೆಯ .303 ಕೊರೆದು ಮಾಡಿದ್ದೆನ್ನುತ್ತಾರೆ. ಅದು 1960ರ ದಶಕದಲ್ಲಿ 7.62 ಮಿ.ಮೀ. ತೋಟಾಕ್ಕೆಂದೇ ಹೆಚ್ಚು ಗಟ್ಟಿ ಉಕ್ಕಿನಲ್ಲಿ ಹೊಸದಾಗಿ ಮಾಡಿದ್ದು. ಹನ್ನೆರಡು ತೋಟಾ ಹಿಡಿಯುವ ಚೌಕನೆಯ ಮ್ಯಾಗಜೀನೇ ಅದರ ಗುರುತು.

ಕೊನೆಗೆ ತೀರ್ಪು. ಕಾರ್ಖಾನೆಯಿಂದ ಹೊರಟಂತೆಯೇ ಉಳಿದದ್ದು ಅಸಲಿ. ಅದೇ ಕಾಲದ ಬಿಡಿಭಾಗ ಹುಡುಕಿ ಜೋಡಿಸಿದ್ದು 'ಸರಿಯಾದದ್ದು', ಅಸಲಿಯಲ್ಲ. ಸೇನೆಯ ವರ್ಕ್‌ಷಾಪಿನಲ್ಲಿ ನಳಿಗೆ, ಮರ ಬದಲಾದದ್ದು ರಿಪೇರಿಯದು. ಕಂದಕದ ಕೆಸರಿನಲ್ಲಿ ದುಡಿದದ್ದು ಈ ಮೂರನೆಯದೇ. ಗ್ರೀಸು ಮೆತ್ತಿಕೊಂಡು ಉಗ್ರಾಣದಲ್ಲಿ ಮಲಗಿದ್ದ ಮೊದಲನೆಯದಕ್ಕೆ ಬೆಲೆ ಹೆಚ್ಚು. ಫೈಲು ಮುಟ್ಟದ ಗುಮಾಸ್ತನ ಸರ್ವಿಸ್ ಪುಸ್ತಕದಲ್ಲಿ ಒಂದು ಕೆಂಪು ಗೆರೆಯೂ ಇರುವುದಿಲ್ಲವಷ್ಟೆ. ಮೊನೆಗೆ ಮೊನೆ ತಾಗುವಂತೆ ಎದುರುಬದುರಾದ ಎರಡು ಬಾಣದ ಮುದ್ರೆಯಿದ್ದರೆ ಅದು ಬ್ರಿಟಿಷ್ ಸೇನೆ ಕೊಟ್ಟ ನಿವೃತ್ತಿ ಆದೇಶ.

ಬೆಲೆಯನ್ನು ಪರೀಕ್ಷಕ ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನು ಅವನ ಮುಖದಲ್ಲಿ ಓದಿಕೊಳ್ಳಬೇಕು. ಬೋಲ್ಟು ಸವೆದಿದೆ, ಮರ ಒಣಗಿದೆ, ನಳಿಗೆ ಕಪ್ಪಾಗಿದೆ ಎಂದು ತೆಗಳುತ್ತಾ ಮೂರು ಅಂಗಡಿ ಸುತ್ತಿ ಮತ್ತೆ ಅಲ್ಲಿಗೇ ಬಂದರೆ ಬಂದೂಕು ಅಸಲಿ. "ತುಂಬಾ ಚೆನ್ನಾಗಿದೆ, ಜೋಪಾನವಾಗಿ ಇಟ್ಟುಕೊಳ್ಳಿ" ಎಂದು ನಗುನಗುತ್ತಾ ಹೊರಟುಹೋದರೆ, ಮಾರುವವನು ಎನ್ ಅಕ್ಷರವನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದು.