ಹೂವಿನ ಪಾತಿಯಲ್ಲಿ ಹುಲ್ಲಿನ ಕಾರುಬಾರು

ಕೋಲಾರದಲ್ಲಿ ಮನೆ ಕಟ್ಟಿ ಮುಗಿದಾಗ ಕಾಂಪೌಂಡಿನೊಳಗೆ 10 ಅಡಿ ಉದ್ದ, 4 ಅಡಿ ಅಗಲದ ಜಾಗ ಉಳಿಯಿತು. ಕಾರು ನಿಲ್ಲಿಸಲು ಸಾಲದು, ಸುಮ್ಮನೆ ಬಿಡಲು ಮನಸ್ಸಿಲ್ಲ. ಹೂವಿನ ಪಾತಿ ಮಾಡಿದೆ. ಮಾಲೂರಿನಿಂದ ಗುಲಾಬಿ, ಸಂತೆಯಿಂದ ಸೇವಂತಿಗೆ ಮತ್ತು ಕನಕಾಂಬರದ ಸಸಿ ಬಂದವು. ಕೆರೆಗೋಡು ಹಾಕಿದರೆ ಕಲ್ಲೂ ಚಿಗುರುತ್ತದೆಂದು ಯಾರೋ ಹೇಳಿದ್ದರಿಂದ ಹತ್ತು ಬಾಂಡ್ಲಿ ಕೆರೆಗೋಡನ್ನೂ, ಅರೆಬರೆ ಕೊಳೆತ ತಿಪ್ಪೆಗೊಬ್ಬರವನ್ನೂ ಸುರಿದೆ.

ಹದಿನೈದು ದಿನಕ್ಕೆ ಪಾತಿ ಹಚ್ಚಹಸಿರಾಯಿತು. ಹೆಮ್ಮೆಯಿಂದ ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು, ಬಗ್ಗಿ ನೋಡಿ, "ಇದರಲ್ಲಿ ನೀವು ನೆಟ್ಟಿದ್ದು ಯಾವುದು?" ಎಂದಳು.

ನನ್ನ ಪಾಲಿಗೆ ಹುಲ್ಲೆಂದರೆ ಹುಲ್ಲು, ಅದರಲ್ಲಿ ಜಾತಿ ಕುಲ ಕೇಳುವುದೇನು? ಗುದ್ದಲಿ ತಂದು ಕಚಕಚನೆ ಕೊಚ್ಚಿ, ಅಲ್ಲೇ ಮಣ್ಣು ಮುಚ್ಚಿ, ಗೆದ್ದೆನೆಂದು ಕಾಫಿ ಕುಡಿದೆ. ವಾರ ಕಳೆಯುವುದರೊಳಗೆ ಒಂದಿದ್ದ ಕಡೆ ಹತ್ತು ಎದ್ದು ನಿಂತವು. ಕೊಚ್ಚಿದ್ದು ಗರಿಕೆ. ಅದು ನೆಲದ ಮೇಲೂ ಹರಿಯುತ್ತದೆ, ನೆಲದೊಳಗೂ ಹರಿಯುತ್ತದೆ. ಗೆಣ್ಣಿರುವ ತುಂಡು ಮಣ್ಣಿಗೆ ಬಿದ್ದರೆ ಹೊಸ ಗಿಡ. ನಾನು ಸಂಹಾರವೆಂದುಕೊಂಡದ್ದು ಅಪ್ಪಟ ನಾಟಿಯಾಗಿತ್ತು.

ಪಾತಿಯ ಒಂದು ಮೂಲೆಯನ್ನು ಮಾತ್ರ ಮುಟ್ಟಿರಲಿಲ್ಲ. ಅಲ್ಲಿ ರಾಗಿ ಪೈರು ಬಂದಿತ್ತು. ಮನೆಯಲ್ಲಿ ರಾಗಿ ಕೇರುವಾಗ ಹಾರಿ ಬಿದ್ದದ್ದಿರಬೇಕು ಎಂದುಕೊಂಡೆ. ಕೋಲಾರದವನಾಗಿ ರಾಗಿ ಕೀಳುವುದುಂಟೆ? ದಿನಾ ನೀರು ಹಾಕಿದೆ. ಬೆರಳು ಬೆರಳಾಗಿ ತೆನೆಯೂ ಹೊರಟಿತು. ಮುದ್ದೆಯ ಕನಸೂ ಬಿತ್ತು.

ಕೊನೆಗೆ ಶ್ರೀನಿವಾಸಪುರ ಕಡೆಯ ಅಜ್ಜಿಯೊಬ್ಬರು ಕಳೆ ಕೀಳಲು ಬಂದರು. ಕನ್ನಡ, ತೆಲುಗು ಎರಡೂ ಬಲ್ಲವರು. ಹುಲ್ಲಿನ ಭಾಷೆಯಂತೂ ಇನ್ನೂ ಚೆನ್ನಾಗಿ ಬಲ್ಲವರು. ನನ್ನ ರಾಗಿಯನ್ನು ನೋಡಿ ಸೆರಗು ಬಾಯಿಗಿಟ್ಟು ನಕ್ಕರು. "ಕಾಡುರಾಗಿ ಸಾಮಿ ಇದು. ಬುಡ ನೋಡಿ, ತುಳಿದಂಗೆ ಚಪ್ಪಟೆ, ಬೆಳ್ಳಗೈತೆ. ತೆನೆ ಬರೋಕೆ ಮುಂಚೆ ಕೀಳಬೇಕಿತ್ತು." ರಾಗಿಯ ದಾಯಾದಿ, ಆದರೆ ಮುದ್ದೆಗೆ ಒದಗದ ದಾಯಾದಿ. ಸಾವಿರಗಟ್ಟಲೆ ಬೀಜ ಉದುರಿಸುವ ಅದಕ್ಕೆ ನಾನು ಬಾಣಂತನ ಮಾಡಿದ್ದೆ.

ಆಮೇಲೆ ಇನ್ನೊಂದನ್ನು ಕಿತ್ತು ನನ್ನ ಕೈಗಿಟ್ಟು, "ಬೆರಳಲ್ಲಿ ಉರುಳಿಸಿ ನೋಡಿ" ಎಂದರು. ಉರುಳಲಿಲ್ಲ, ಕಾಂಡಕ್ಕೆ ಮೂರು ಅಂಚು. "ಇದು ಹುಲ್ಲೇ ಅಲ್ಲ, ತುಂಗೆ. ಮೇಲೆ ಕಿತ್ರೆ ಕೆಳಗಡೆ ಮಕ್ಕಳು ಮರಿ ಮಾಡ್ತದೆ." ಅಗೆದರೆ ಸರದ ಮಣಿಗಳ ಹಾಗೆ ಒಂದಕ್ಕೊಂದು ಪೋಣಿಸಿದ ಕಪ್ಪು ಗಡ್ಡೆಗಳು. ಇವೆಲ್ಲ ಕೆರೆಗೋಡಿನ ಜೊತೆ ಪುಕ್ಕಟೆಯಾಗಿ ಬಂದ ನೆಂಟರು. ಗ್ರಂಧಿಗೆ ಅಂಗಡಿಯಲ್ಲಿ ಕೊನ್ನಾರಿ ಗಡ್ಡೆಯೆಂದು ದುಡ್ಡು ಕೊಟ್ಟು ಕೊಳ್ಳುವುದು ಇದನ್ನೇ.

ನಾನು ಬುದ್ಧಿವಂತಿಕೆ ಬಿಡಲಿಲ್ಲ. ನಮ್ಮ ಟೊಮೇಟೊ ರೈತರನ್ನು ನೋಡಿ ಮಲ್ಚಿಂಗ್ ಶೀಟ್ ಹೊದಿಸಿದೆ. ಕಾಡುರಾಗಿ ಕತ್ತಲಲ್ಲಿ ಸತ್ತಿತು. ತುಂಗೆಯ ಮೊಳಕೆಯೋ ದಬ್ಬಳದ ಹಾಗೆ ಪ್ಲಾಸ್ಟಿಕ್ಕನ್ನೇ ತೂತು ಮಾಡಿಕೊಂಡು ತಲೆ ಎತ್ತಿತು. ಔಷಧಿ ಅಂಗಡಿಗೆ ಹೋದರೆ, "ಸಾರ್, ಇದು ಹೊಡೆದ್ರೆ ಹೂವಿನ ಗಿಡಾನೂ ಹೋಗ್ತದೆ, ಪರವಾಗಿಲ್ವಾ?" ಎಂಬ ಪ್ರಶ್ನೆ ಬಂತು. ವಾಪಸು ಬಂದೆ.

ಕೋಪ ಬಂದಾಗ ಮುಳಬಾಗಿಲಿನ ಡಿವಿಜಿಯವರನ್ನು ನೆನೆದೆ. 1943ರ 'ಮಂಕುತಿಮ್ಮನ ಕಗ್ಗ'ದಲ್ಲಿ ಅವರು ಮನುಷ್ಯನಿಗೆ ಹುಲ್ಲಿನ ಬಾಳನ್ನೇ ಆದರ್ಶವಾಗಿ ಹೇಳಿದ್ದಾರೆ, ನಿಜ. ಆದರೆ ಹುಲ್ಲಿಗೆ ಅವರು ಗೊತ್ತುಮಾಡಿದ ಜಾಗ ಬೆಟ್ಟದ ಬುಡ. ಅದೇ ಪದ್ಯದಲ್ಲಿ ಮನೆಗೆ ಒಪ್ಪಿಸಿದ್ದು ಮಲ್ಲಿಗೆಯನ್ನು! ಪಕ್ಕದಲ್ಲೇ ಅಂತರಗಂಗೆ ಬೆಟ್ಟವಿದೆ, ಅದರ ಬುಡವೂ ಬೇಕಾದಷ್ಟು ಅಗಲವಿದೆ. ಕಗ್ಗ ಓದಿದ ಹುಲ್ಲಾಗಿದ್ದರೆ ಅಲ್ಲಿಗೆ ಹೋಗುತ್ತಿತ್ತು.

ಕೊನೆಗೆ ಅಜ್ಜಿಯ ಪಾಠವೇ ಗತಿಯಾಯಿತು. ಮಳೆ ಬಿದ್ದ ಮರುದಿನ, ಮಣ್ಣು ಮೆತ್ತಗಿರುವಾಗ ಗರಿಕೆಯನ್ನು ಗೆಣ್ಣು ಸಮೇತ ಎಳೆದು ಹೊರಗೆ ಹಾಕಿ ಒಣಗಿಸಬೇಕು. ತುಂಗೆಯನ್ನು ಎರಡು ಮೂರು ವಾರಕ್ಕೊಮ್ಮೆ, ಹೊಸ ಗಡ್ಡೆ ಕಟ್ಟುವ ಮೊದಲೇ ಅಗೆಯಬೇಕು. ಸೇವಂತಿಗೆಯನ್ನು ಒತ್ತಾಗಿ ಬೆಳೆಸಬೇಕು, ನೆರಳೆಂದರೆ ತುಂಗೆಗೆ ಆಗುವುದಿಲ್ಲ. ಗೊಬ್ಬರ ಪೂರ್ತಿ ಕೊಳೆತಿರಬೇಕು. ಪಾತಿಯ ಸುತ್ತ ಮಾಲೂರಿನ ಇಟ್ಟಿಗೆಗಳನ್ನು ನಿಲ್ಲಿಸಿ ಹೂತೆ. ಗರಿಕೆ ಅದನ್ನು ಹತ್ತಿ ಇಳಿಯಲು ಒಂದು ತಿಂಗಳು ತೆಗೆದುಕೊಂಡಿತು.

ಮೊನ್ನೆ ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಗೆ ಹೊರಟೆವು. ಸುಮಾರು 13 ಅಡಿ ಎತ್ತರದ ಗಣೇಶ. ಅವನಿಗೆ ಬರಿಗೈಯಲ್ಲಿ ಹೋಗಲಾದೀತೆ? ಹೆಂಡತಿ ಬುಟ್ಟಿ ಹಿಡಿದು ಪಾತಿಗಿಳಿದಳು. ಗುಲಾಬಿ ಮೂರು ಸಿಕ್ಕವು, ಅದರಲ್ಲೊಂದಕ್ಕೆ ಹುಳು. ಗರಿಕೆ ಬುಟ್ಟಿ ತುಂಬ ಸಿಕ್ಕಿತು. "ನಿಮ್ಮ ಕೈಗುಣಕ್ಕೆ ತಪ್ಪದೆ ಬರೋ ಬೆಳೆ ಇದೊಂದೇ ನೋಡಿ" ಎಂದಳು.

ಗಣೇಶ ಬೇಡವೆನ್ನಲಿಲ್ಲ. ಆದರೂ ಪಾತಿ ಮಾಡುವವರಿಗೆ ನನ್ನದೊಂದು ಕಿವಿಮಾತು: ಮೊದಲು ಹುಲ್ಲಿನ ಹೆಸರು ಕೇಳಿ, ಆಮೇಲೆ ಗುದ್ದಲಿ ಎತ್ತಿ. ಮತ್ತೆ ಪ್ರತಿ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಕುಕ್ಕರಗಾಲಿನಲ್ಲಿ ಕೂರಿ. ಇದಕ್ಕಿಂತ ಒಳ್ಳೆಯ ಕಳೆಮದ್ದು ಯಾವ ಅಂಗಡಿಯಲ್ಲೂ ಇಲ್ಲ.